ರಾಯಪ್ಪ ಕೊಡಬೇಕಿದ್ದ ಜವಾಬು

ಪೂರ್ಣಿಮಾಳ ಸ್ಕೂಟರು ಖಾನಾಪುರ ದಾಟಿ ಹಲಸಿಯ ರಸ್ತೆಗೆ ಹೊರಳಿದಾಗ ಹೊತ್ತು ಇಳಿಯತೊಡಗಿತ್ತು. ಬೆಳಗಾವಿಯ ಕೋರ್ಟಿನಿಂದ ಹೊರಟವಳು ಕರಿ ಕೋಟನ್ನೂ ಬಿಚ್ಚಿರಲಿಲ್ಲ. ಸಂಜೆ ಹಲಸಿಯ ಶಾಲೆಯ ಬಯಲಿನಲ್ಲಿ ಅವಳ ಸೋದರತ್ತೆ ಅಕ್ಕವ್ವ ಹಾಡಬೇಕಿತ್ತು. ಹಾಡಕೂಡದೆಂದು ಪೊಲೀಸರು ಮಧ್ಯಾಹ್ನವೇ ಬಂದು ಹೇಳಿ ಹೋಗಿದ್ದರು.

"ಹಾಡಿದರ ಹಿಂಡಲಗಾ ಜೇಲಿಗೆ ಒಯ್ತಾರಂತ. ಅಲ್ಲಿ ಡಪ್ಪು ಒಳಗ ಬಿಡ್ತಾರೇನು, ಕೇಳಿ ಹೇಳವಾ," ಎಂದಿದ್ದಳು ಅತ್ತೆ ಫೋನಿನಲ್ಲಿ. ನಗುತ್ತಲೇ ಅಂದಿದ್ದಳು, ಆದರೆ ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

ಪೂರ್ಣಿಮಾಳ ಪೀಕಲಾಟಕ್ಕೆ ಇನ್ನೊಂದು ಕಾರಣವಿತ್ತು. ದ್ವೇಷ ಭಾಷಣ ತಡೆಯುವ ಮಸೂದೆ ಸುವರ್ಣಸೌಧದಲ್ಲಿ ಪಾಸಾಗಿತ್ತಷ್ಟೆ, ಇನ್ನೂ ಜಾರಿಗೆ ಬಂದಿರಲಿಲ್ಲ. ವಕೀಲರ ಸಭೆಯಲ್ಲಿ ಅರ್ಧದಷ್ಟು ಜನ ಅದು ಬಾಯಿಗೆ ಬೀಗವೆಂದು ಕೂಗಾಡಿದರೆ, ಎದ್ದು ನಿಂತು ಅದನ್ನು ಸಮರ್ಥಿಸಿದವಳು ಇವಳೇ. ಹಿಂದೊಮ್ಮೆ ಒಬ್ಬನ ಭಾಷಣದ ಮರುದಿನ ಇವಳ ಕಕ್ಷಿದಾರನ ಅಂಗಡಿ ಸುಟ್ಟು ಬೂದಿಯಾಗಿತ್ತು. ಭಾಷಣ ಮಾಡಿದ ಪುಣ್ಯಾತ್ಮ ಹಾರ ಹಾಕಿಸಿಕೊಂಡು ಊರೂರು ತಿರುಗುತ್ತಿದ್ದ. ಆ ಸಿಟ್ಟು ಇವಳಲ್ಲಿ ಇನ್ನೂ ಆರಿರಲಿಲ್ಲ. ಈಗ ನೋಡಿದರೆ ಸಿಕ್ಕಿಬಿದ್ದವಳು ಸ್ವಂತ ಅತ್ತೆ!

ಅತ್ತೆ ಮಾಡಿದ್ದಾದರೂ ಏನು? ಗಂಡೇ ಮೇಲು ಎಂದು ಹಾಡುವ ಹರದೇಶಿ ಮೇಳ ಒಂದು ಕಡೆ, ಹೆಣ್ಣೇ ಮೇಲು ಎನ್ನುವ ನಾಗೇಶಿ ಮೇಳ ಇನ್ನೊಂದು ಕಡೆ. ವೇದಿಕೆ ಹತ್ತಿ ಒಬ್ಬರನ್ನೊಬ್ಬರು ಬೈದುಕೊಂಡು, ಸವಾಲು ಹಾಕಿ, ಜವಾಬು ಕೊಟ್ಟು, ಆಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಅವರ ಕಸುಬು. ಹೋದ ವರ್ಷ ಇದೇ ಹಲಸಿಯಲ್ಲಿ ನಾಗೇಶಿಯ ಅಕ್ಕವ್ವ ಹರದೇಶಿಯ ರಾಯಪ್ಪನ ಮುಂದೆ ನಿಂತು ಹೀಗೆ ಹಾಡಿದ್ದಳು:

"ಅಪ್ಪನ ಹೆಸರು, ಗುರುವಿನ ಹೆಸರು, ಊರ ಹೆಸರು ಹಾಡೀರಿ,
ಹೆತ್ತಾಕಿ ಹೆಸರು ಎಲ್ಲಿ ಒಗದ್ರಿಪಾ, ಗಂಡಸರ ಕುಲಕ್ಕ ಬೆಂಕಿ ಬೀಳಲಿ!"

ರಾಯಪ್ಪ ಜವಾಬು ಕೊಡಲು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು, ಆಟ ಅಲ್ಲಿಗೇ ನಿಂತಿತು. ಸವಾಲು ಮಾತ್ರ ನಿಲ್ಲಲಿಲ್ಲ. ಜವಾಬು ಕೊಡುವ ತನಕ ಆ ಹಾಡುಗಾರ ಬೇರೆ ಊರಿನಲ್ಲಿ ಡಪ್ಪು ಮುಟ್ಟುವಂತಿಲ್ಲವೆಂಬುದು ಈ ಮೇಳಗಳ ಕಟ್ಟಳೆ. ರಾಯಪ್ಪ ಇಡೀ ವರ್ಷ ಮನೆಯಲ್ಲೇ ಕೂತಿದ್ದ. ಅವನ ಜವಾಬಿಗೆಂದೇ ಇವತ್ತಿನ ಆಟ ಇಟ್ಟಿದ್ದರು. ಈಗ ಯಾರೋ ಆ ಹಾಡಿನ ತುಣುಕನ್ನು ಮೊಬೈಲಿನಲ್ಲಿ ಹರಿಬಿಟ್ಟು, 'ಗಂಡಸರಿಗೆ ಬೆಂಕಿ ಹಚ್ಚಲು ಕರೆ' ಎಂದು ಬರೆದು, ಠಾಣೆಗೆ ದೂರನ್ನೂ ಕೊಟ್ಟಿದ್ದರು.

ಶಾಲೆಯ ಬಯಲಿನಲ್ಲಿ ಆಗಲೇ ಜಾತ್ರೆಯಷ್ಟು ಜನ ಸೇರಿದ್ದರು. ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಪ್ರಶ್ನೆ: ಆಟ ಐತೋ ಇಲ್ಲೋ? ವೇದಿಕೆಯ ಬಾಜುವಿನಲ್ಲಿ ಅಕ್ಕವ್ವ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಳು. ಎದುರಿಗೆ ಸಬ್ ಇನ್ಸ್‌ಪೆಕ್ಟರ್. ಮಂಡ್ಯದ ಕಡೆಯ ಹುಡುಗ, ಪಾಪ, ಬಂದು ಹದಿನೈದು ದಿನವೂ ಆಗಿರಲಿಲ್ಲ.

"ಮೇಡಂ, ವಕೀಲರ ಸಭೇಲಿ ನೀವು ಮಾಡಿದ ಭಾಷಣದ ವಿಡಿಯೋ ನಾನೂ ನೋಡಿದೀನಿ. ಮಾತು ಬೆಂಕಿಯಾಗೋಕ್ ಮುಂಚೇನೇ ತಡೀಬೇಕು ಅಂದ್ರಲ್ಲ? ನಾನೀಗ ಮಾಡ್ತಿರೋದು ಅದನ್ನೇ ತಾನೆ?" ಎಂದ ಅವನು, ಆಗಷ್ಟೇ ಬಂದು ನಿಂತ ಪೂರ್ಣಿಮಾಳಿಗೆ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ.

ಪೂರ್ಣಿಮಾಳ ಮುಖ ಕೆಂಪಾಯಿತು. ಹಾಡಲು ಬಿಡಿ ಎಂದರೆ, ನಾಳೆ ಆ ಹಾರದ ಪುಣ್ಯಾತ್ಮನೂ ನಂದೂ ಹಾಡೇ ಎನ್ನುತ್ತಾನೆ. ತಡೆಯಿರಿ ಎಂದರೆ ಅತ್ತೆಯ ನಲವತ್ತು ವರ್ಷದ ದನಿಯನ್ನು ತಾನೇ ಅದುಮಿದಂತೆ.

"ನೋವಾದವರು ಯಾರು ಅಂತ ಕೇಳಿದ್ರಾ ಸರ್?" ಎಂದಳು ಕೊನೆಗೆ.

"ನನಗರೀ!" ಎಂಬ ಕೂಗು ಹಿಂದಿನಿಂದ ಬಂತು. ಜನ ಸರಿದು ದಾರಿ ಬಿಟ್ಟರು. ರುಮಾಲು ಸುತ್ತಿದ ರಾಯಪ್ಪ ಬರುತ್ತಿದ್ದ. ಹಿಂದೆಯೇ ಡಪ್ಪು ಹಿಡಿದ ಅವನ ಅಳಿಯ ವಿನಯ, ತಲೆ ತಗ್ಗಿಸಿಕೊಂಡು. ಅಕ್ಕವ್ವನ ಮುಖ ಬಿಳುಚಿತು. ಮೂವತ್ತು ವರ್ಷ ಎದುರು ನಿಂತು ಹಾಡಿದವನು ಠಾಣೆಗೆ ಹೋದನೇ?

"ದೂರು ಕೊಟ್ಟವರು ನೀವಾ?" ಇನ್ಸ್‌ಪೆಕ್ಟರ್ ಕೇಳಿದ.

"ಕೊಟ್ಟಾಂವ ಈ ನಮ್ಮ ಅಳಿಯ. ಮಾವ ಜವಾಬು ಸಿಗದ ಸೋಲತಾನ, ಆಟಾನ ನಿಂತರ ಮರ್ಯಾದಿ ಉಳೀತೈತಿ ಅಂತ ಲೆಕ್ಕಾ ಹಾಕ್ಯಾನ. ಈಗ ಹಾದ್ಯಾಗ ಬಾಯಿ ಬಿಟ್ಟ," ಎಂದು ರಾಯಪ್ಪ ಗುಡುಗಿದ. "ನನಗ ನೋವಾಗೇತಿ, ಖರೇ. ವರ್ಷಾತು ಅನ್ನ ರುಚಿಸಿಲ್ಲ. ಅದಕ್ಕ ಅಕಿ ಬಾಯಿ ಮುಚ್ಚಿಸ್ತೀರೇನು? ಅಕಿ ಬಾಯಿ ಮುಚ್ಚಿದರ ನನ್ನ ಜವಾಬು ಯಾರ ಮುಂದ ಹಾಡ್ಲಿ? ರಾಯಪ್ಪನ್ನ ಪೊಲೀಸರು ಗೆಲ್ಲಿಸಿದ್ರು ಅಂತ ಊರು ನಗಬೇಕೇನ್ರಿ?"

ಬಯಲು ಹೋ ಎಂದಿತು. ಪೂರ್ಣಿಮಾಳ ಮೈಯಲ್ಲಿ ಮಿಂಚು ಹರಿದಂತಾಯಿತು. ಇಷ್ಟು ಹೊತ್ತು ತಡಕಾಡುತ್ತಿದ್ದ ಮಾತು ತಾನಾಗಿಯೇ ಬಾಯಿಗೆ ಬಂತು.

"ಸರ್, ನನ್ನ ಕಕ್ಷಿದಾರನ ಅಂಗಡಿ ಸುಟ್ಟ ದಿನ ಆ ಭಾಷಣಕ್ಕ ಎದುರು ಮಾತಾಡಾಕ ಒಬ್ರಿಗೂ ಜಾಗ ಇರಲಿಲ್ಲ. ಬೈಸಿಕೊಂಡವರು ಬಾಗಿಲಾ ಹಾಕ್ಕೊಂಡು ನಡುಗತಿದ್ರು. ಇಲ್ಲಿ ಬೈಸಿಕೊಂಡಾಂವ ಮೈಕ್ ಕೇಳಾಕ ಬಂದಾನ. ನಾ ಅವತ್ತು ಹೇಳಿದ್ದನ್ನ ಇವತ್ತೂ ಹೇಳ್ತೀನಿ. ಆದರ ಇದು ಅದಲ್ಲ. ನೀವು ಇಲ್ಲೇ ಕುಂದರ್ರಿ, ಪೂರಾ ಕೇಳ್ರಿ. ತಪ್ಪು ಅನಿಸಿದರ ನನ್ನೂ ಕೂಡಿ ಒಯ್ರಿ."

ಇನ್ಸ್‌ಪೆಕ್ಟರ್ ಜನರನ್ನು ನೋಡಿದ, ವಿನಯನನ್ನು ನೋಡಿದ. ಕೊನೆಗೆ ಟೋಪಿ ತೆಗೆದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತುಬಿಟ್ಟ.

ಡಪ್ಪು ಗುಡುಗಿತು, ತಾಳ ಕೂಡಿತು. ಅಕ್ಕವ್ವ ಎದ್ದು, ಅದೇ ಸವಾಲನ್ನು ಅದೇ ಬೆಂಕಿಯ ಸಮೇತ ಇನ್ನಷ್ಟು ಎತ್ತರದ ದನಿಯಲ್ಲಿ ಹಾಡಿದಳು. ಹೆಂಗಸರು ಕೇಕೆ ಹಾಕಿದರು. ರಾಯಪ್ಪ ಮುಂದೆ ಬಂದು ಹೆಣ್ಣುಕುಲದ ಜನ್ಮ ಜಾಲಾಡಿದ: ಬಾಯಿ ಬಡಕಿಯರು, ಒಲೆಗಿಂತ ಹೆಚ್ಚು ಉರಿಯುವವರು, ಒಂದೇ ಎರಡೇ! ಇನ್ಸ್‌ಪೆಕ್ಟರ್ ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದ. ಆದರೆ ಜವಾಬು ಎಲ್ಲಿ? ಹಾಡು ಮುಗಿಸುವಾಗ ಹಾಡುಗಾರ ಅಪ್ಪನ, ಗುರುವಿನ, ಊರಿನ ಹೆಸರು ಹಾಡಿ ತನ್ನ ಗುರುತು ಹೇಳುವುದು ವಾಡಿಕೆ. ಅಲ್ಲಿಗೆ ಬಂದಾಗ ರಾಯಪ್ಪ ಕೈ ಎತ್ತಿ ಡಪ್ಪು ನಿಲ್ಲಿಸಿದ.

"ಅಪ್ಪನ ಹೆಸರು ಊರಿಗೆ ಗೊತ್ತು, ಗುರುವಿನ ಹೆಸರು ನಾಡಿಗೆ,
ಮಾಯಕ್ಕನ ಮಗ ರಾಯಪ್ಪ ಹಾಡ್ಯಾನ, ಕೇಳೇ ತಂಗಿ ಜವಾಬಾ!"

ಬಯಲೆಲ್ಲ ಶಿಳ್ಳೆ, ಚಪ್ಪಾಳೆ, ಹಾರಿದ ಟೋಪಿಗಳು! ವಿನಯ ಅಳುತ್ತಲೇ ಡಪ್ಪು ಬಡಿಯತೊಡಗಿದ. ಪೂರ್ಣಿಮಾ ಕರಿ ಕೋಟಿನ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು.

ಅಕ್ಕವ್ವ ಎರಡೂ ಕೈ ಎತ್ತಿ ರಾಯಪ್ಪನಿಗೆ ಶರಣು ಮಾಡಿದಳು. ಮತ್ತೆ ಮೈಕು ಹತ್ತಿರ ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು, ಮುಂದಿನ ಸಾಲಿನ ಕುರ್ಚಿಯತ್ತ ನೋಡಿದಳು.

"ಸಾಹೇಬ್ರ, ಇವನ ತಾಯಿ ಹೆಸರು ಸಿಕ್ತು. ಇನ್ನ ಹೇಣ್ತಿ ಹೆಸರು ಕೇಳಲೇನ್ರಿ?"

"ಕೇಳಿ ಕೇಳಿ!" ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಇನ್ಸ್‌ಪೆಕ್ಟರ್.