ಒಂದೇ ಸಲ ಹೋದ ದಾರಿ

ಗುಡ್ಡದಲ್ಲಿ ಮರ ಕಡಿದ ಜಾಗದಲ್ಲಿ ಅಕ್ಕ ನೆಟ್ಟ ಸಸಿಗಳು ಈ ವರ್ಷವೂ ಒಣಗಿದವು. ಇದು ಮೂರನೇ ಸಲ. "ಇನ್ನೊಂದು ಸಲ ನೋಡೋಣ. ಆಗಲೂ ಕೈಕೊಟ್ರೆ ನೆಡೋದೇ ಬೇಡ, ಆ ಜಾಗ ಬೋಳಾಗೇ ಇರಲಿ" ಎಂದುಬಿಟ್ಟರು ಕಾಡಿನ ಕೆಲಸದ ಮೇಲ್ವಿಚಾರಕರು. ಅಕ್ಕನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಅವಳ ತಮ್ಮ ಅದೇ ಗುಡ್ಡದಲ್ಲಿ ದಿಮ್ಮಿ ಎಳೆಯುವ ದೊಡ್ಡ ಮೆಷಿನ್ನಿನ ಡ್ರೈವರ್. ನಿನ್ನ ಮೆಷಿನ್ನಿನಿಂದಲೇ ನೆಲ ಕೆಟ್ಟಿದೆ ಎಂದು ಅಕ್ಕ ಹೇಳಿದರೆ, ಅವನ ಪ್ರಕಾರ ತಪ್ಪೆಲ್ಲ ಸಸಿಯದ್ದೇ.

"ನರ್ಸರಿಯವ್ರು ಬಡಕಲು ಗಿಡ ಕೊಟ್ಟಿರ್ತಾರೆ ಕಣಕ್ಕಾ. ನನ್ನ ಮೇಲೆ ಯಾಕೆ ಗೂಬೆ ಕೂರಿಸ್ತೀಯ? ನೆಲ ಹಾಳಾಗ್ಬಾರ್ದು ಅಂತ ನಾನು ಪ್ರತಿ ಟ್ರಿಪ್ಪಿಗೂ ಹೊಸ ದಾರಿ ಹಿಡೀತೀನಿ. ಹೋದ ಕಡೆ ಇನ್ನೊಂದ್ಸಲ ಹೋಗೋದೇ ಇಲ್ಲ!"

ಅಕ್ಕ ಅವನ ಕೈಗೊಂದು ಕಬ್ಬಿಣದ ಸರಳು ಕೊಟ್ಟು ಗುಡ್ಡಕ್ಕೆ ಕರೆದೊಯ್ದಳು.

ಮೆಷಿನ್ ಹೋಗದ ಜಾಗದಲ್ಲಿ ಸರಳು ಸಲೀಸಾಗಿ ಒಂದು ಮೊಳ ಇಳಿಯಿತು. ಚಕ್ರದ ಜಾಡಿನಲ್ಲಿ ಗೇಣುದ್ದವೂ ಇಳಿಯಲಿಲ್ಲ. ತಮ್ಮ ಮೈಭಾರವೆಲ್ಲ ಹಾಕಿ ಒತ್ತಿದ. ಮುಖ ಕೆಂಪಾಯಿತೇ ಹೊರತು ಸರಳು ಅಲ್ಲಾಡಲಿಲ್ಲ.

"ಇಲ್ಲಿ ನಾನು ಬಂದಿದ್ದೇ ಒಂದ್ಸಲ. ಅದೂ ಮಳೆ ಬಂದ ಮಾರನೇ ದಿನ" ಎಂದು ತಡವರಿಸಿದ.

"ಆ ಒಂದ್ಸಲಾನೇ ಸಾಕು ಕಣೋ. ಮಣ್ಣೊಳಗೆ ಸಣ್ಣ ಸಣ್ಣ ಸಂದು ಇರುತ್ತೆ. ನೀರು, ಗಾಳಿ, ಬೇರು ಎಲ್ಲಾ ಅಲ್ಲೇ ಓಡಾಡೋದು. ಅಷ್ಟು ಭಾರ ಬಿದ್ರೆ ಮೊದಲ ಒಂದೆರಡು ಓಡಾಟದಲ್ಲೇ ಅದು ಮುಚ್ಚಿಹೋಗುತ್ತೆ. ನೆಲ ಒದ್ದೆ ಇದ್ರಂತೂ ಮುಗೀತು. ನೀನು ಟ್ರಿಪ್ಪಿಗೊಂದು ದಾರಿ ಮಾಡಿ, ಇಡೀ ಗುಡ್ಡಾನೇ ರಸ್ತೆ ಮಾಡಿಟ್ಟಿದ್ದೀಯ."

ಅಕ್ಕ ಒಣಗಿದ ಸಸಿಯೊಂದನ್ನು ಕಿತ್ತು ತೋರಿಸಿದಳು. ಬೇರು ನಾಲ್ಕು ಬೆರಳು ಇಳಿದು, ದಾರಿ ಕಾಣದೆ ಅಡ್ಡಕ್ಕೆ ಹೊರಳಿತ್ತು. ತಮ್ಮ ಅದನ್ನು ಕೈಗೆ ತೆಗೆದುಕೊಂಡು, ಹೊರಳಿದ ಬೇರನ್ನು ಬೆರಳಿನಿಂದ ನೆಟ್ಟಗೆ ಮಾಡಲು ನೋಡಿದ. ನಾಚಿಕೆಯಾಯಿತು.

"ಮತ್ತೆ ಸರಿಹೋಗುತ್ತಾ ಅಕ್ಕಾ?"

"ಸರಿಹೋಗುತ್ತೆ. ಅಷ್ಟರಲ್ಲಿ ನಮ್ಮಿಬ್ಬರ ತಲೆಗೂದಲು ಬೆಳ್ಳಗಾಗಿರುತ್ತೆ."

ಮರುದಿನವೇ ಅವನು, ಕೆಟ್ಟರೆ ಇದೊಂದೇ ಕೆಡಲಿ ಎಂದು ಎಲ್ಲ ಟ್ರಿಪ್ಪಿಗೂ ಒಂದೇ ದಾರಿ ಗೊತ್ತುಮಾಡಿ, ಅಕ್ಕಪಕ್ಕದ ಮರಗಳಿಗೆ ಕೆಂಪು ಪಟ್ಟಿ ಕಟ್ಟಿದ. ಮೆಷಿನ್ನಿನ ಭಾರ ನೇರ ನೆಲಕ್ಕೆ ಬೀಳದಿರಲೆಂದು ಆ ದಾರಿಗೆ ಕಡಿದ ಕೊಂಬೆರೆಂಬೆ ಹಾಸಿದ. ಮಳೆ ಬಿದ್ದ ದಿನ ಮೇಲ್ವಿಚಾರಕರು ಅವಸರ ಮಾಡಿದಾಗ, "ನೆಲ ಒಣಗಲಿ ಸಾರ್" ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಅಕ್ಕ ಕೊನೆಯ ಸಲದ ಸಸಿಗಳನ್ನು ಚಕ್ರ ತಾಗದ ನೆಲ ಹುಡುಕಿ ನೆಟ್ಟಳು. ಅವು ಈಗ ಮೊಣಕಾಲೆತ್ತರ ಬಂದಿವೆ. ನಡುವೆ ತಮ್ಮನ ಹಳೆಯ ಜಾಡುಗಳು ಮಾತ್ರ ಇನ್ನೂ ಬರಿದಾಗಿವೆ. ಅವನು ದಿನವೂ ಅವುಗಳನ್ನು ನೋಡಿಕೊಂಡೇ ಕೆಲಸಕ್ಕೆ ಹೋಗುತ್ತಾನೆ.

ಕಾಡಿನಲ್ಲಿ ಮೆಷಿನ್ ಓಡಿಸುವ ಅಣ್ಣತಮ್ಮಂದಿರೇ, ಓಡಿಸಲು ಹೇಳುವ ಯಜಮಾನರೇ, ಒಂದೇ ದಾರಿಯಲ್ಲಿ ಓಡಾಡಿ. ಒದ್ದೆ ನೆಲಕ್ಕೆ ಇಳಿಯಬೇಡಿ. ನಾಳೆ ಇಂಜಿನ್ ಚಾಲೂ ಮಾಡುವ ಮೊದಲು ಒಂದು ಸರಳು ತೆಗೆದುಕೊಂಡು ನಿಮ್ಮ ಹಳೆಯ ಜಾಡಿಗೆ ಚುಚ್ಚಿ ನೋಡಿ. ಆಮೇಲೆ ಕೀಲಿ ತಿರುಗಿಸಿ.