ತಾಲೀಮಿನ ಮುಲಾಮು

ಶಾಲನ್ ಎಮ್ಮೆ ಹಿಂಡಿ ಮೇಲೇಳುವಷ್ಟರಲ್ಲಿ ಮಗ ಧೈರ್ಯಶೀಲ ಬಾಗಿಲಲ್ಲಿ ನಿಂತಿದ್ದ. ಪುಣೆಯ ರಾಜ್ಯಮಟ್ಟದ ಕುಸ್ತಿಗೆಂದು ಕೊಲ್ಹಾಪುರದ ತನ್ನ ತಾಲೀಮಿನಿಂದ, ಅಂದರೆ ಗರಡಿಮನೆಯಿಂದ, ಹೋದವನು ಒಂದು ದಿನದಲ್ಲೇ ವಾಪಸು.

"ಯಾಕೋ, ಸೋತಿ ಏನು?"

"ಆಡಿದ್ರ ತಾನ ಸೋಲೋದು!" ಅವನು ಚೀಲ ಬಿಸಾಡಿದ. "ತೂಕಕ್ಕ ನಿಂತಾಗ ಡಾಕ್ಟರ್ ಸೊಂಟ ನೋಡಿದ. ಇವನ್ನ ಯಾರೂ ಮುಟ್ಟಬ್ಯಾಡ್ರಿ, ಹೊರಗ ಕಳಸ್ರಿ ಅಂದ. ಎಲ್ಲಾರ ಮುಂದ, ಆಯಿ."

ಅಂಗಿ ಎತ್ತಿದ. ಲಂಗೋಟಿ ಕಟ್ಟುವ ಜಾಗದ ಸುತ್ತ ಗಜಕರ್ಣ ತಟ್ಟೆಯಗಲ ಹಬ್ಬಿತ್ತು. ನಡುವಿನ ಚರ್ಮ ತೆಳುವಾಗಿ, ಉದ್ದುದ್ದ ಗೆರೆ ಬಿಟ್ಟಿತ್ತು.

"ಅಯ್ಯ, ಇಷ್ಟಾಗೋತನಕ ಬಾಯಿ ಬಿಡಲಿಲ್ಲಲ್ಲೋ!"

"ಇದೇನು ಹೇಳೋ ಜಾಗಾನ? ತಾಲೀಮಿನ ಮುಲಾಮು ಹಚ್ಚಿ ಒಂದೆರಡು ಗುಳಗಿ ನುಂಗಿದ್ರ ಎರಡು ದಿನಕ್ಕ ಮಾಯ ಆಗತಿತ್ತು. ಬಿಟ್ರ ಮತ್ತ ಬರತಿತ್ತು. ವಸ್ತಾದರು ಡಬ್ಬಿಗಟ್ಟಲೆ ತಂದಿಟ್ಟಾರ, ಎಲ್ಲಾರೂ ಅದನ್ನ ಹಚ್ಚತೇವಿ."

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಆ ಮುಲಾಮಿನ ಟ್ಯೂಬನ್ನು ನೋಡಿದ್ದೇ ಮೇಜಿನ ಮೇಲೆ ಕುಕ್ಕಿದಳು. "ಇದರಾಗ ಸ್ಟೆರಾಯ್ಡ್ ಐತಿ. ತುರಿಕಿ ಮಲಗಸ್ತೈತಿ, ಕೆಂಪು ಮುಚ್ಚತೈತಿ, ಒಳಗ ರೋಗಾನ ಕೊಬ್ಬಸ್ತೈತಿ. ಮ್ಯಾಲ ಅರ್ಧಂಬರ್ಧ ಗುಳಗಿ ಬ್ಯಾರೆ ನುಂಗೀರಿ. ಈಗ ಆ ಗುಳಗಿಗೆ ಈ ಗಜಕರ್ಣದ ಬೂಸ್ಟು ಜಗ್ಗಂಗಿಲ್ಲ. ಬ್ಯಾರೆ ಔಷಧಿ ಕೊಡ್ತೇನಿ, ತಿಂಗಳಗಟ್ಟಲೆ ತಗೋಬೇಕು. ಜೋಡಿ ಆಡೋರೂ ತಗೋಬೇಕು, ಇಲ್ಲಾಂದ್ರ ಇವನಿಗೆ ಮತ್ತ ಅಂಟತೈತಿ. ಹಿಂಗ ಆದ್ರ ಇವನ ಕುಸ್ತಿ ಮುಗದಂಗ."

ಶಾಲನ್‌ಗೆ ಮೈಯೆಲ್ಲ ಉರಿಯಿತು. ಅಂಥ ಟ್ಯೂಬನ್ನು ಔಷಧಿ ಅಂಗಡಿಯವನು ಚೀಟಿ ಕೇಳದೆ ಕಡಲೆ-ಪುಟಾಣಿ ಮಾರಿದ ಹಾಗೆ ಮಾರುತ್ತಾನೆ. ಕೊಂಡವನು ಗುರು, ಹಚ್ಚಿಕೊಂಡವರು ಮಕ್ಕಳು. ಕೇಳುವವರು ಯಾರೂ ಇಲ್ಲ. ಅವಳು ಮಗನನ್ನು ಮನೆಗೆ ಕಳಿಸಿ ನೇರ ತಾಲೀಮಿಗೆ ನಡೆದಳು.

ಅದರ ಹೊಸ್ತಿಲನ್ನು ಯಾವ ಹೆಂಗಸೂ ದಾಟಿದವಳಲ್ಲ. ವಸ್ತಾದ್ ಹಿಂದುರಾವ್ ಕೆಮ್ಮಣ್ಣಿನ ಕಣದ ಅಂಚಿನಲ್ಲಿ ಕುಳಿತು ಪಟ್ಟು ಹೇಳಿಕೊಡುತ್ತಿದ್ದರು. ಹಿಂದಿನ ಗೂಟದಲ್ಲಿ ಅವರ ಗೆಲುವಿನ ಕೆಂಪು ಲಂಗೋಟಿ ತೂಗುತ್ತಿತ್ತು. ದೊಡ್ಡ ಕುಸ್ತಿಗೆ ಹೋಗುವ ಶಿಷ್ಯನಿಗೆಲ್ಲ ಅದನ್ನೇ ಕಟ್ಟಿ ಕಳಿಸುವುದು ಇಲ್ಲಿಯ ಪದ್ಧತಿ. ಒಗೆದರೆ ಗೆಲುವು ತೊಳೆದುಹೋಗುತ್ತದೆಂದು ಅದಕ್ಕೆ ನೀರು ಮುಟ್ಟಿಸುತ್ತಿರಲಿಲ್ಲ. ಧೈರ್ಯಶೀಲನೂ ಅದನ್ನೇ ಕಟ್ಟಿಕೊಂಡು ಪುಣೆಗೆ ಹೋಗಿದ್ದ. ಬಂದ ಕೂಡಲೇ ಇಲ್ಲಿ ತೂಗುಹಾಕಿ ಮನೆಗೆ ಬಂದಿದ್ದ.

"ಕಣಾ ಮುಚ್ಚರಿ ವಸ್ತಾದ," ಎಂದಳು ಹೊರಗಿನಿಂದಲೇ. "ಎಲ್ಲಾರೂ ಔಷಧಿ ತಗೊಳ್ಳೋತನಕ."

"ನನ್ನ ಅಪ್ಪ ಸತ್ತ ದಿನಾನೂ ಈ ಕಣಾ ಮುಚ್ಚಿಲ್ಲ!" ಹಿಂದುರಾವ್ ಗುಡುಗಿದರು. "ಅರಿಷಿಣ, ಎಣ್ಣಿ, ಮಜ್ಜಿಗಿ ಕುಡಿಸಿ ಸಾಕಿದ ಮಣ್ಣಿದು. ಮುಚ್ಚಿದ್ರ ಹುಡುಗರು ಬ್ಯಾರೆ ತಾಲೀಮಿಗೆ ಹೋಗ್ತಾರ. ಬಡವರ ಮಕ್ಳು, ಆಸ್ಪತ್ರ್ಯಾಗ ದಿನಗಟ್ಟಲೆ ಸಾಲು ನಿಂತ್ರ ಹೊಟ್ಟಿಗೇನು? ಅದಕ್ಕ ನಾನ ತಂದು ಕೊಟ್ಟೇನಿ. ಕೆಟ್ಟದ್ದು ಬಯಸಿ ಕೊಟ್ಟೇನೇನು?"

"ಒಳ್ಳೇದು ಬಯಸಿ ಕೊಟ್ರಿ, ಅಂತನ ಅವ್ರು ಕಣ್ಣು ಮುಚ್ಚಿ ಹಚ್ಚಿದ್ರು. ನನ್ನ ಮಗನ ಸೊಂಟ ಬಂದು ನೋಡ್ರಿ. ಮತ್ತ ವಸ್ತಾದ, ಬಂದಾಗಿಂದ ನೋಡಾಕತ್ತೇನಿ, ನಿಮ್ಮ ಕೈ ತೊಡಿ ಬಿಟ್ಟು ಯಾಕ ಬರವಲ್ದು?"

ತುರಿಸುತ್ತಿದ್ದ ಕೈ ತಟ್ಟನೆ ನಿಂತಿತು. ಹುಡುಗರು ನೆಲ ನೋಡಿದರು. ಶಾಲನ್ ಹೊಸ್ತಿಲು ದಾಟಿ ಒಳಗೆ ಬಂದಳು.

"ಏ, ಹೆಂಗಸು ಒಳಗ ಬರಬಾರದು!" ಹಿಂದುರಾವ್ ಕೂಗಿದರು.

"ಗಜಕರ್ಣ ನಿಮ್ಮನ್ನ ಕೇಳಿ ಬಂತೇನು?"

ಗೂಟದಿಂದ ಕೆಂಪು ಲಂಗೋಟಿಯನ್ನು ಕಿತ್ತುಕೊಂಡು ಅವಳು ಹೊರಟೇಬಿಟ್ಟಳು. ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ.

ಹಿತ್ತಿಲಲ್ಲಿ ಒಲೆ ಹೂಡಿ ಹಂಡೆಯ ನೀರಿಗೆ ಅದನ್ನು ಹಾಕಿದಾಗ ಬೇಲಿಯಾಚೆ ಹಿಂದುರಾವ್ ಕಾಣಿಸಿದರು. ಜಗಳಕ್ಕೇ ಬಂದರೆಂದು ಶಾಲನ್ ಸೆರಗು ಸಿಕ್ಕಿಸಿ ನಿಂತಳು. ಅವರು ಒಳಬಂದು ಹೆಗಲ ಮೇಲಿನ ಗಂಟನ್ನು ಇಳಿಸಿ ಬಿಚ್ಚಿದರು. ತಾಲೀಮಿನ ಲಂಗೋಟಿಗಳೆಲ್ಲ ಅದರಲ್ಲಿದ್ದವು.

"ಇವನ್ನೂ ಕುದಸು," ಎಂದವರು ಒಲೆಗೆ ತಾವೇ ಸೌದೆ ಒತ್ತಿದರು. ಒಳಗಿದ್ದ ಧೈರ್ಯಶೀಲನ ಮುಖ ನೋಡಲು ಅವರಿಂದ ಆಗಲಿಲ್ಲ. ಶಾಲನ್ ಅವರಿಗೆ ಚಹಾ ಬೇಕೇ ಎಂದು ಕೇಳಲಿಲ್ಲ. ಮಗನ ವರ್ಷ ಮಣ್ಣುಪಾಲಾಗಿತ್ತು, ಸಿಟ್ಟು ಹಾಗೆಲ್ಲ ಇಳಿಯುವಂಥದ್ದಲ್ಲ.

ಮರುದಿನ ತಾಲೀಮಿಗೆ ಬೀಗ ಬಿದ್ದಿತ್ತು. ಆಸ್ಪತ್ರೆಯ ಚರ್ಮದ ವಿಭಾಗದ ಮುಂದೆ ಪೈಲ್ವಾನರ ಸಾಲು ನಿಂತಿತ್ತು. ಎಲ್ಲರೂ ತಲೆ ತಗ್ಗಿಸಿ ಒಬ್ಬರ ಬೆನ್ನ ಹಿಂದೆ ಒಬ್ಬರು ಅವಿತುಕೊಳ್ಳುತ್ತಿದ್ದರು.

"ಯಾರು ಮೊದಲು ಬರ್ತೀರಿ?" ಎಂದು ಡಾಕ್ಟರಮ್ಮ ಕೇಳಿದಳು.

ಕಣದಲ್ಲಿ ದೊಡ್ಡ ಕುಸ್ತಿ ಎಲ್ಲಕ್ಕಿಂತ ಕೊನೆಗೆ ನಡೆಯುವುದು. ಹಿಂದುರಾವ್ ಜೀವಮಾನವಿಡೀ ಕಡೆಯವರಾಗಿ ಕಣಕ್ಕಿಳಿದವರು. ಅವರು ಹುಡುಗರನ್ನು ಸರಿಸಿಕೊಂಡು ಮುಂದೆ ಬಂದು, ಎಲ್ಲರೆದುರು ಧೋತರವನ್ನು ತೊಡೆಯವರೆಗೆ ಎತ್ತಿದರು.

"ನಂದು ನೋಡ್ರಿ," ಎಂದರು. "ಇವರಿಗೆಲ್ಲ ಕೊಟ್ಟಾಂವ ನಾನ."