ಸುಣ್ಣ ತಿಂದ ಕಾಲು

"ಥೂ! ತೆಗಿಯೇ ಆಚೆ. ಇದೇನು ಕಾಲಾ, ನಾಯಿ ಅಗಿದು ಬಿಟ್ಟ ಮೂಳೆನಾ? ಇದನ್ನ ಧಣಿ ಕೈಗೆ ಕೊಡ್ಬೇಕಾ ನಾನು?"

ಗಂಟೆಯವ ತನ್ನ ಕೋಲಿನ ತುದಿಯಿಂದ ಅಕ್ಕನ ಪಾದವನ್ನು ಪಕ್ಕಕ್ಕೆ ತಳ್ಳಿದ. ಚರ್ಚಿನ ಗಂಟೆ ಹೊಡೆಯುವುದು, ಬೆಂಚು ಒರೆಸುವುದು ಅವನ ಕೆಲಸ. ವರ್ಷಕ್ಕೊಮ್ಮೆ ನಮ್ಮ ಓಣಿಗೆ ಬಂದು ಕಾಲು ನೋಡುವುದೂ ಅವನ ಕೆಲಸವೇ. ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಪವಿತ್ರ ಗುರುವಾರದ ಸಂಜೆ ಹನ್ನೆರಡು ಬಡವರ ಕಾಲು ತೊಳೆಯುತ್ತಾರೆ. ನಮ್ಮಲ್ಲಿ ತೊಳೆಯುವವನು ಧಣಿ. ತೊಗಲು ಹದ ಮಾಡುವ ಕಾರ್ಖಾನೆ ಅವನದು, ಚರ್ಚಿಗೆ ಚಾವಣಿ ಹಾಕಿಸಿದವನೂ ಅವನೇ. ಅಂಥವನ ಕೈಗೆ ಎಂಥೆಂಥದೋ ಕಾಲು ಕೊಡಲಾಗುತ್ತದೆಯೇ? ಅದಕ್ಕೇ ಮುಂಚಿತವಾಗಿ ಬಂದು, ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಆರಿಸಿಕೊಂಡು ಹೋಗುತ್ತಾರೆ. ತೊಳೆಯುವುದು ಬಡವರ ಕಾಲನ್ನೇ, ಆದರೆ ಅದು ಬಡವರ ಕಾಲಿನ ಹಾಗೆ ಕಾಣಬಾರದು.

"ಏಯ್, ನೀನು ಬಾ. ತೋರ್ಸು" ಎಂದು ನನ್ನನ್ನು ಕರೆದ. ನಾನು ಒಣ ತೊಗಲಿನ ಅಂಚು ಕತ್ತರಿಸುವ ಕೊಠಡಿಯಲ್ಲಿ ಕೂತು ಮಾಡುವ ಕೆಲಸದವಳು. ನನ್ನ ಪಾದ ಪಾದದ ಹಾಗೇ ಇದೆ. ಎರಡೂ ಕಡೆ ತಿರುಗಿಸಿ ನೋಡಿ, "ಹ್ಞೂಂ, ನಡಿಯುತ್ತೆ. ಉಗುರು ಕತ್ತರಿಸ್ಕೋ, ಸೋಪು ಹಾಕಿ ಚೆನ್ನಾಗಿ ಉಜ್ಜು. ಫೋಟೋ ತೆಗೀತಾರೆ ಈ ಸಲ" ಎಂದ.

"ನನ್ನ ಬದಲು ಅಕ್ಕನ್ನ ಕರ್ಕೊಂಡು ಹೋಗಯ್ಯ."

"ಮುಚ್ಚೇ ಬಾಯಿ. ನಿಮ್ಮ ಓಣಿಲಿ ಕಾಲಿಗೇನು ಬರಗಾಲನಾ?"

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣ ತಮ್ಮ ಇಬ್ಬರೂ ಮಣ್ಣು ಸೇರಿದ ಮೇಲೆ ಕಾರ್ಖಾನೆಯವರು ಕೊಟ್ಟ ಒಂದೇ ಕೋಣೆಯಲ್ಲಿ, ಒಂದೇ ಒಲೆ ಹೂಡಿಕೊಂಡು ಬದುಕಿದವರು ನಾವು. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಮಗಳಿಗೆ ನಾನು ಹೆತ್ತವಳು, ಸಾಕಿದವಳು ಅವಳು.

ಅವಳ ಕೆಲಸ ಸುಣ್ಣದ ತೊಟ್ಟಿಯಲ್ಲಿ. ಹಸಿ ತೊಗಲಿನ ಕೂದಲು ಉದುರಬೇಕಾದರೆ ಸುಣ್ಣದ ನೀರಿನಲ್ಲಿ ನೆನೆಯಬೇಕು, ಆ ನೀರಿಗೆ ಇಳಿದು ಯಾರಾದರೂ ತುಳಿಯಬೇಕು, ಮಗುಚಬೇಕು. ಬೂಟು ಕೇಳಿದರೆ, "ಬೂಟಿನ ಹಿಮ್ಮಡಿಗೆ ತೊಗಲು ಹರಿಯುತ್ತೆ" ಎನ್ನುತ್ತಾರೆ. ತೊಗಲು ಹರಿಯಬಾರದು, ನಮ್ಮದು ಹರಿದರೆ ಪರವಾಗಿಲ್ಲ. ಅಲ್ಲಿನ ಹೆಂಗಸರ ಕಾಲು ಬೆರಳ ಸಂದಿಯಿಂದ ಶುರುವಾಗಿ ಮೇಲಕ್ಕೆ ಬೇಯುತ್ತಾ ಹೋಗುತ್ತದೆ.

ಆದರೂ ಅಕ್ಕನ ಕಾಲು ಹೀಗೆ ಮೂಳೆ ಕಾಣುವ ಹಾಗಾದದ್ದು ಬೇರೆ ಕಾರಣಕ್ಕೆ. ಹೋದ ಮಳೆಗಾಲದಲ್ಲಿ ನಮ್ಮ ಮೇಸ್ತ್ರಿ ಅಂಚಿನಲ್ಲಿ ಜಾರಿ, ಆಗಷ್ಟೇ ಸುಣ್ಣ ಸುರಿದು ಕುದಿಯುತ್ತಿದ್ದ ತೊಟ್ಟಿಗೆ ಬಿದ್ದ. ದಿನ ಬೆಳಗಾದರೆ ನಮ್ಮನ್ನೆಲ್ಲ ಲೌಡಿ, ಮುಂಡೆ ಎಂದು ಕರೆಯುತ್ತಿದ್ದ ಮನುಷ್ಯ. ಕೂಗು ಕೇಳಿ ಕೊಠಡಿಯಿಂದ ಓಡಿ ಬಂದ ನಾನೂ ಸೇರಿ ಎಲ್ಲರೂ ದಡದಲ್ಲಿ ನಿಂತು ಬಾಯಿ ಬಾಯಿ ಬಡಿದುಕೊಂಡೆವು. ಅಕ್ಕ ಕೂಗಲಿಲ್ಲ, ಇಳಿದೇಬಿಟ್ಟಳು. ಅವನನ್ನು ಹೆಗಲ ಮೇಲೆ ಎತ್ತಿ ದಡಕ್ಕೆ ಹಾಕುವ ಹೊತ್ತಿಗೆ ಅವಳ ಮೊಣಕಾಲ ಕೆಳಗೆ ಚರ್ಮ ಇರಲಿಲ್ಲ.

ಆಸ್ಪತ್ರೆಗೆ ಹೋದರೆ ಹೇಗಾಯಿತು ಎಂದು ಕೇಳುತ್ತಾರೆ, ಹೇಳಿದರೆ ವಿಚಾರಣೆಗೆ ಕಾರ್ಖಾನೆಗೆ ಬರುತ್ತಾರೆ. ಹಾಗಾಗಿ ಧಣಿ ಒಂದು ಡಬ್ಬಿ ಮುಲಾಮು ಕಳಿಸಿದ. ಮುಂದಿನ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, "ನನ್ನ ಕಾರ್ಖಾನೆಯಲ್ಲಿ ದೇವರು ಪವಾಡ ಮಾಡಿದ, ಒಬ್ಬ ಮನುಷ್ಯನನ್ನು ಸಾವಿನಿಂದ ಎತ್ತಿದ" ಎಂದು ಸಾಕ್ಷಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅಕ್ಕನೂ ತಟ್ಟಿದಳು. ನನಗೆ ಅವಳ ಕೈ ಹಿಡಿದು ನಿಲ್ಲಿಸಬೇಕು ಅನಿಸಿತ್ತು.

ಅದೇ ಕಾಲಿನಲ್ಲಿ ಮತ್ತೆ ತೊಟ್ಟಿಗೆ ಇಳಿದಳು. ಸಂಜೆ ಎಲ್ಲರೂ ಮನೆಗೆ ಹೊರಡುವ ಮುಂಚೆ ನಲ್ಲಿಯ ಹತ್ತಿರ ಕೂತು, ತೊಟ್ಟಿಯ ಹೆಂಗಸರ ಕಾಲನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಯ ಸುಣ್ಣ ತೆಗೆದು, ಎಣ್ಣೆ ಸವರಿ ಕಳಿಸುತ್ತಿದ್ದಳು. ಮೊದಲಿನಿಂದಲೂ ಅವಳದು ಇದೇ ಚಾಳಿ. "ನಿನ್ನ ಕಾಲು ಕೊಳೀತಾ ಇದೆ, ಊರವರ ಕಾಲು ಉಜ್ಜೋಕೆ ಕೂತಿದೀಯಲ್ಲ" ಎಂದು ನಾನು ಬೈದರೆ, "ಹೇಳೋಕೆ ಪಾದ್ರಿ ಇದಾರೆ, ಹಾಡೋಕೆ ಹಾಡೋರಿದಾರೆ. ನಂಗೆ ಬರೋದು ಇದೊಂದೇ ಕಣೆ" ಎನ್ನುತ್ತಿದ್ದಳು.

ಗಂಟೆಯವ ಹೋದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ. "ಆ ಕುರ್ಚಿ ಮೇಲೆ ಕೂತು ನಿಂಗೇನಾಗ್ಬೇಕು? ಅವನು ಕಾಲು ತೊಳೆದ್ರೆ ನೀನು ಸೀದಾ ಸ್ವರ್ಗಕ್ಕೆ ಹೋಗ್ತೀಯಾ?"

"ನಂಗಲ್ಲ. ಈ ಹುಡುಗಿಗೆ." ಒಲೆಯ ಮುಂದೆ ಕೂತಿದ್ದ ನನ್ನ ಮಗಳ ಕಡೆ ನೋಡಿದಳು. "ನನ್ನ ಕಾಲು ಇನ್ನು ಆಗಲ್ಲ. ನನ್ನ ಜಾಗಕ್ಕೆ ಇವಳನ್ನೇ ಕರೀತಾರೆ. ಅಷ್ಟರೊಳಗೆ ಬೂಟು ಬರ್ಬೇಕು."

"ಕಾಲು ತೊಳೆದ್ರೆ ಬೂಟು ಬರುತ್ತಾ?"

"ಧಣಿ ನಮ್ಮ ಕಾಲನ್ನ ಕಣ್ಣಲ್ಲಿ ನೋಡಿದಾನೆ, ಅಷ್ಟೇ. ಕಣ್ಣಲ್ಲಿ ನೋಡಿದ್ರೆ ಅಸಹ್ಯ ಬರುತ್ತೆ. ಕೈಯಲ್ಲಿ ಮುಟ್ಟಿದ್ರೆ ಕರುಳು ಚುರ್ ಅನ್ನುತ್ತೆ. ನಾನು ದಿನಾ ಮುಟ್ತೀನಲ್ಲ, ನಂಗೊತ್ತು. ಒಂದ್ಸಲ ಮುಟ್ಲಿ ಅವನು, ಆಮೇಲೆ ಅವನಿಗೆ ನಿದ್ದೆ ಬರಲ್ಲ."

ಎಲ್ಲರ ಕೈಯೂ ತನ್ನ ಕೈಯ ಹಾಗೆ ಎಂದು ತಿಳಿದಿದ್ದಳು ಹುಚ್ಚಿ.

ಮರುದಿನ ನನ್ನ ಭುಜ ಹಿಡಿದುಕೊಂಡು ಪಾದ್ರಿಯ ಮನೆಗೆ ಹೊರಟಳು. ಜಗಲಿಯಲ್ಲಿ ಪಾದ್ರಿ, ಧಣಿ ಇಬ್ಬರೂ ಚಹಾ ಕುಡಿಯುತ್ತಾ ಕೂತಿದ್ದರು. ನಾವು ಮೆಟ್ಟಿಲ ಕೆಳಗೆ ನಿಂತೆವು. ತನ್ನ ಕಾಲನ್ನೂ ತೊಳೆಯಬೇಕೆಂದು ಅಕ್ಕ ಕೇಳಿದಳು. ಪಾದ್ರಿ ಮೂಗಿಗೆ ಕರವಸ್ತ್ರ ಹಿಡಿದರೂ ಮಾತು ಮೆತ್ತಗೇ ಆಡಿದರು.

"ನೋಡಮ್ಮ, ಇದು ಆರಾಧನೆ, ಆಸ್ಪತ್ರೆಯಲ್ಲ. ದೇವರು ನೋಡೋದು ನಿನ್ನ ಹೃದಯಾನ, ಕಾಲನ್ನಲ್ಲ."

"ದೇವರು ನೋಡೋದು ಬೇಡ ಫಾದರ್. ಧಣಿಯವರು ನೋಡಿದ್ರೆ ಸಾಕು."

ಧಣಿ ಚಹಾದ ಬಸಿ ಕೆಳಗಿಟ್ಟು ನಕ್ಕ. "ನಿನಗೋಸ್ಕರ ನಾನು ದಿನಾ ಮೊಣಕಾಲೂರ್ತೀನಿ ತಾಯಿ. ನಿನ್ನ ಹೆಸರು ಹೇಳಿಯೇ ಪ್ರಾರ್ಥನೆ ಮಾಡ್ತೀನಿ. ಹಬ್ಬ ಕಳೀಲಿ, ನೀನು ವಿಶ್ರಾಂತಿ ತಗೋ. ಸೋಮವಾರದಿಂದ ನಿನ್ನ ಹುಡುಗೀನ ತೊಟ್ಟಿಗೆ ಕಳಿಸು. ಇಲ್ದಿದ್ರೆ ಕೋಣೆ ಖಾಲಿ ಮಾಡ್ಬೇಕಾಗುತ್ತೆ, ಅದು ನನ್ನ ಕೈಲಿಲ್ಲ, ನಿಯಮ."

ದಾರಿಯುದ್ದಕ್ಕೂ ನಾನು ಧಣಿಯ ಏಳು ತಲೆಮಾರನ್ನು ಎಳೆದು ಬೈದೆ. ಆ ಸಂಜೆಯೇ ಅಕ್ಕನಿಗೆ ಜ್ವರ ಏರಿತು.

ಗುರುವಾರ ನಾನು ಉಗುರು ಕತ್ತರಿಸಿಕೊಳ್ಳಲಿಲ್ಲ, ಸೋಪೂ ಹಾಕಲಿಲ್ಲ. ಅಕ್ಕನನ್ನು ಬೆನ್ನ ಮೇಲೆ ಹೊತ್ತುಕೊಂಡೆ. ಮೈಯಲ್ಲಿ ಏನೂ ಉಳಿದಿರಲಿಲ್ಲ, ಜ್ವರದ ಕಾವು ಮಾತ್ರ ನನ್ನ ಬೆನ್ನಿಗೆ ತಾಗುತ್ತಿತ್ತು. ಮುಂದೆ ಹನ್ನೆರಡು ಕುರ್ಚಿ ಅರ್ಧ ಚಂದ್ರಾಕಾರದಲ್ಲಿ ಇಟ್ಟಿದ್ದರು. ಎಲ್ಲರೂ ಎದ್ದು ಹಾಡುತ್ತಿರುವಾಗ ನಡುವಿನ ದಾರಿಯಲ್ಲೇ ಹೋಗಿ, ನನಗೆ ಮೀಸಲಿಟ್ಟಿದ್ದ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿದೆ. ಗಂಟೆಯವ ಓಡಿ ಬಂದು, "ಎತ್ತೇ ಇವಳನ್ನ, ಹಲ್ಕಾ ಮುಂಡೆ" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಹಾಡು ನಿಂತಿತು. ಮೊದಲ ಸಾಲಿನಲ್ಲಿ ದೂರದಿಂದ ಬಂದ ತೊಗಲು ಕೊಳ್ಳುವ ಸಾಹುಕಾರರು ಕೂತಿದ್ದರು. ಫೋಟೋದವನು ಸಿದ್ಧನಾಗಿ ನಿಂತಿದ್ದ. ಇನ್ನು ಎಬ್ಬಿಸುವ ಹಾಗಿರಲಿಲ್ಲ. ನಾನು ಕುರ್ಚಿಯ ಹಿಂದೆ ಅಕ್ಕನ ಭುಜ ಹಿಡಿದು ನಿಂತೆ.

ಧಣಿ ಸೊಂಟಕ್ಕೆ ಬಿಳಿ ಟವೆಲು ಕಟ್ಟಿಕೊಂಡು ಒಂದೊಂದೇ ಕುರ್ಚಿ ದಾಟಿ ಬಂದ. ಅಕ್ಕ ಕಾಲಿನ ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿ, ಕೈ ಮುಗಿದುಕೊಂಡಳು. ಬಗ್ಗಿದ ಧಣಿ ಅವಳ ಕಾಲು ಕಂಡು ಹಾಗೇ ನಿಂತ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನೂ ನಂಬಿದೆ. ಮುಟ್ಟು, ಒಂದೇ ಸಲ ಮುಟ್ಟು ಎಂದು ಒಳಗೊಳಗೇ ಬೇಡಿಕೊಂಡೆ.

ಧಣಿ ಗಂಟೆಯವನ ಕಿವಿಯಲ್ಲಿ ಏನೋ ಹೇಳಿದ. ಗಂಟೆಯವ ಹಿತ್ತಲ ಬಾಗಿಲಿಗೆ ಹೋಗಿ ಬಂದ. ಅವನ ಕೈಯಲ್ಲಿ ರಬ್ಬರ್ ಗ್ಲೌಸು ಇತ್ತು. ಚರ್ಚಿನ ಪಾಯಿಖಾನೆ ತೊಳೆಯಲು ಇಟ್ಟಿದ್ದದ್ದು.

ಧಣಿ ಅದನ್ನು ಮೊಣಕೈವರೆಗೆ ಎಳೆದುಕೊಂಡ. "ಸೋಂಕು ತಗುಲಬಾರದಲ್ಲ, ಅವಳ ಒಳ್ಳೇದಕ್ಕೇ" ಎಂದು ಮೊದಲ ಸಾಲಿನ ಕಡೆ ತಿರುಗಿ ಮುಗುಳ್ನಕ್ಕ. ನೀರು ಸುರಿದ, ಎರಡು ಬೆರಳಿನಿಂದ ಹಾಗೆ ಸವರಿದ, ಮುಂದಿನ ಕುರ್ಚಿಗೆ ಹೋಗುವ ಮುಂಚೆ ಗ್ಲೌಸು ಕಳಚಿ ಬಿಸಾಡಿದ. ಪಕ್ಕದ ಕುರ್ಚಿಯವರು ತಲೆ ತಗ್ಗಿಸಿದರು, ಧಣಿಯ ಭಯಕ್ಕೆ ಆಮೇಲೂ ಯಾರಿಗೂ ಹೇಳಲಿಲ್ಲ. ಹಿಂದಿನ ಬೆಂಚುಗಳಲ್ಲಿ ನಿಂತಿದ್ದ ನಮ್ಮ ಓಣಿಯವರಿಗೆ ಇದ್ಯಾವುದೂ ಕಾಣಲಿಲ್ಲ. ಅಕ್ಕ ಕಣ್ಣು ಬಿಡಲೇ ಇಲ್ಲ.

ಹೊರಗೆ ಬಂದ ಮೇಲೆ ನನ್ನ ಬೆನ್ನ ಮೇಲಿಂದಲೇ ಕೇಳಿದಳು. "ಮುಟ್ಟಿದ್ನಾ? ನಂಗೆ ಕಾಲಲ್ಲಿ ಏನೂ ತಿಳಿಯಲ್ಲ ನೋಡು. ಮುಟ್ಟಿದ್ನಾ ಅವನು?"

"ಮುಟ್ಟಿದ ಅಕ್ಕ" ಎಂದೆ.

"ಎರಡೂ ಕೈಯಲ್ಲಿ?"

"ಎರಡೂ ಕೈಯಲ್ಲಿ."

"ಮುಖ ಹೇಗಾಯ್ತು?"

"ಕಣ್ಣಲ್ಲಿ ನೀರು ಬಂತು ಅವನಿಗೆ."

"ನಾನು ಹೇಳಿರ್ಲಿಲ್ವಾ?" ಎಂದು ನನ್ನ ಕತ್ತಿಗೆ ಕೆನ್ನೆ ಒತ್ತಿದಳು. ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದಳು. ಮಗಳನ್ನು ಹತ್ತಿರ ಕರೆದು, "ನಿಂಗೆ ಬೂಟು ಬರುತ್ತೆ ಕಣೆ ಪುಟ್ಟಿ. ಮೊಣಕಾಲವರೆಗೂ ಬರೋಂಥದ್ದು" ಎಂದಳು. ಓಣಿಯ ಹೆಂಗಸರಿಗೆಲ್ಲ ಹೇಳಿ ಕಳಿಸಿದಳು. ಮರುದಿನ ಮಾತು ನಿಂತಿತು. ಶನಿವಾರ ಬೆಳಗ್ಗೆ ಹೋಗಿಬಿಟ್ಟಳು.

ನಾಳೆ ಭಾನುವಾರ, ಯೇಸು ಸಾವಿನಿಂದ ಎದ್ದ ದೊಡ್ಡ ಹಬ್ಬ, ಇವತ್ತೇ ಬೇಗ ಮುಗಿಸಿ ಎಂದು ಪಾದ್ರಿ ಅವಸರ ಮಾಡಿದರು. ಸಮಾಧಿಯ ಹತ್ತಿರ ಧಣಿ ಎರಡು ಮಾತು ಆಡಿದ. ಬರಿಗೈ ಎರಡನ್ನೂ ಮೇಲೆತ್ತಿ ತೋರಿಸಿ, "ಈ ಕೈಗಳಿಂದಲೇ ಆ ತಾಯಿಯ ಕಾಲು ತೊಳೆಯೋ ಭಾಗ್ಯ ದೇವರು ನನಗೆ ಕೊಟ್ಟ" ಎಂದ. ನಮ್ಮ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಅಳುವೂ ಬರಲಿಲ್ಲ. ನಾನು ಹೇಳಿದ ಸುಳ್ಳನ್ನೇ ಅವನು ನನ್ನ ಮುಂದೆ ಹೇಳುತ್ತಿದ್ದ.

ಸೋಮವಾರ ಮಗಳನ್ನು ಕರೆದುಕೊಂಡು ಹೋದೆ. ತೊಟ್ಟಿಯ ಹತ್ತಿರ ಅದೇ ಮೇಸ್ತ್ರಿ ನಿಂತಿದ್ದ. "ಇಳಿ" ಎಂದ, ನಮ್ಮ ಮುಖ ನೋಡದೆ.

"ಬೂಟು ಕೊಡಿ ಮಾವ" ಎಂದಳು ಮಗಳು.

"ಯಾವ ಬೂಟು?"

"ದೊಡ್ಡಮ್ಮ ಹೇಳಿದಾಳೆ. ಧಣಿ ಅವಳ ಕಾಲು ಮುಟ್ಟಿದಾರಲ್ಲ, ಅವರಿಗೆ ಗೊತ್ತಾಗಿದೆ. ಬಂದಿರುತ್ತೆ, ನೋಡಿ."

ಮೇಸ್ತ್ರಿ ನೆಲ ನೋಡಿದ. "ಬೂಟೂ ಇಲ್ಲ, ಸುಡುಗಾಡೂ ಇಲ್ಲ. ಇಳಿಯಮ್ಮ, ನಂಗೂ ಹೊಟ್ಟೆ ಇದೆ" ಎಂದ. ಮಗಳು ನನ್ನ ಕಡೆ ತಿರುಗಿದಳು. ತೊಟ್ಟಿಯ ಹೆಂಗಸರೂ ತಿರುಗಿದರು. ಅವರೆಲ್ಲರ ಕಣ್ಣಿನಲ್ಲಿ ಅಕ್ಕನ ಆಸೆ ಇನ್ನೂ ಹಾಗೇ ಇತ್ತು. ಅದನ್ನು ನಾನೇ ಕೊಲ್ಲಬೇಕಾಗಿತ್ತು.

"ಮುಟ್ಟಿಲ್ಲ ಕಣ್ರೇ" ಎಂದೆ. "ಆ ಬೋಳಿಮಗ ಮುಟ್ಟೇ ಇಲ್ಲ. ಪಾಯಿಖಾನೆ ತೊಳೆಯೋ ಗ್ಲೌಸು ಹಾಕ್ಕೊಂಡಿದ್ದ. ಅಕ್ಕಂಗೆ ನಾನು ಸುಳ್ಳು ಹೇಳ್ದೆ."

ಮಗಳು ಅಲ್ಲೇ ಕುಸಿದು, ದೊಡ್ಡಮ್ಮ ದೊಡ್ಡಮ್ಮ ಎಂದು ಎಳೆಗೂಸಿನ ಹಾಗೆ ಅತ್ತಳು. ಒಬ್ಬ ಮುದುಕಿ, ಆಗಲೇ ತೊಟ್ಟಿಯಲ್ಲಿದ್ದವಳು, ಮೆಲ್ಲಗೆ ಮೇಲೆ ಹತ್ತಿ ಬಂದಳು. ಸುಣ್ಣ ಸುರಿಯುತ್ತಿದ್ದ ಕಾಲಿನಲ್ಲೇ ನಲ್ಲಿ ದಾಟಿ ಗೇಟಿನ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ನಾನು ಮಗಳನ್ನು ಎಬ್ಬಿಸಿಕೊಂಡು ಹೋದೆ.

"ಎಲ್ಲಿಗ್ರೇ? ಏಯ್!" ಎಂದ ಮೇಸ್ತ್ರಿ. ಎಂದಿನ ಬೈಗುಳ ಅವನ ಬಾಯಿಗೆ ಬರಲಿಲ್ಲ.

ಗೇಟಿನ ಒಳಗೆ, ಧಣಿಯ ಕಾರು ಬರುವ ದಾರಿಗೆ ಅಡ್ಡವಾಗಿ, ಒಬ್ಬರ ಪಕ್ಕ ಒಬ್ಬರು ನೆಲದ ಮೇಲೆ ಕೂತೆವು. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕಾಲು ಉದ್ದಕ್ಕೆ ಚಾಚಿದೆವು. ಬೆಂದದ್ದು, ಬಿರಿದದ್ದು, ಉಗುರಿಲ್ಲದ್ದು, ಕೀವು ಸೋರುವುದು. ಕೊನೆಯಲ್ಲಿ ನನ್ನ ಮಗಳದು, ಇನ್ನೂ ಏನೂ ಆಗಿರದದ್ದು.

ಕಾರು ಬಂತು. ಹತ್ತಿರಕ್ಕೆ ಬಂದು ನಿಂತಿತು, ಹಾರ್ನು ಹೊಡೆಯಿತು. ಮತ್ತೆ ಹೊಡೆಯಿತು. ಗಾಜು ಕೆಳಗಿಳಿಯಲಿಲ್ಲ. ಚಕ್ರ ಒಂದು ಗೇಣು ಮುಂದಕ್ಕೆ ಉರುಳಿತು. ನಾವು ಕಾಲು ಮಡಚಲಿಲ್ಲ.